ಭಾವ ಬಿಚ್ಚಿಟ್ಟ ಮೀಟರುಗಳು

ನಮ್ಮ ಭಾವನಿಗೆ ಕಾರು ಬಿಚ್ಚಲು ಬರುತ್ತದೆ, ಓಡಿಸಲು ಬರುವುದಿಲ್ಲ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಅವರ ಎದುರಿಗೇ, ಅವರ ಮನೆಯ ಕಾಫಿ ಕುಡಿಯುತ್ತಲೇ ಎಷ್ಟೋ ಸಲ ಹೇಳಿದ್ದೇನೆ. "ಅದಕ್ಕೇನಮ್ಮ? ಗಡಿಯಾರ ರಿಪೇರಿ ಮಾಡೋನು ಮುಳ್ಳಿನ ಮೇಲೆ ಕೂತ್ಕೊಂಡು ಸುತ್ತಬೇಕಾ?" ಎಂಬುದು ಅವರ ಉತ್ತರ. ನೀವೇ ಹೇಳಿ, ಇಂಥವರ ಹತ್ತಿರ ವಾದಕ್ಕಿಳಿದು ಗೆದ್ದವರುಂಟೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂಟಿಕೊಪ್ಪಲಿನಲ್ಲಿ ಮನೆ. ಕಾರ್ಖಾನೆಯೊಂದರ ಮೀಟರು ಪರೀಕ್ಷೆ ಮಾಡುವ ವಿಭಾಗದಲ್ಲಿ ಕೆಲಸಕ್ಕಿದ್ದರು. ಉಗಿಯ ಒತ್ತಡ ತೋರಿಸುವುದೋ, ಶಾಖ ತೋರಿಸುವುದೋ, ಕರೆಂಟು ತೋರಿಸುವುದೋ, ಯಾವ ಮೀಟರೇ ಆಗಲಿ, ಅದು ಸತ್ಯ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ನಿವೃತ್ತಿಯ ದಿನ ಕಾರ್ಖಾನೆಯವರು ಅವರಿಗೆ ಹಾರ ಹಾಕಿ ಕಳಿಸಿಕೊಟ್ಟರು. ಆದರೆ ಭಾವ ಮೀಟರನ್ನು ಬಿಡಲಿಲ್ಲ. ಬಚ್ಚಲಿನ ಬಕೆಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದ ಮೇಲೆಯೇ ಅವರ ಸ್ನಾನ. ಇಡ್ಲಿ ಹಿಟ್ಟು ಎಷ್ಟು ಉಬ್ಬಿದೆ ಎಂದು ನೋಡಲು ಪಾತ್ರೆಯೊಳಗೆ ಸ್ಕೇಲು ನಿಲ್ಲಿಸುತ್ತಾರೆ. ಒಮ್ಮೆ ನೆಂಟರ ಮದುವೆಯಲ್ಲಿ ಬಡಿಸುತ್ತಿದ್ದವನನ್ನು ತಡೆದು, ಸಾರಿನ ಶಾಖ ನೋಡಿ, "ಇನ್ನೂ ಸ್ವಲ್ಪ ಕಾಯಿಸ್ಕೊಂಡ್ ಬಾರಪ್ಪ" ಎಂದು ವಾಪಸ್ಸು ಕಳಿಸಿದ್ದರು. ಆ ಪಂಕ್ತಿಗೆ ಸಾರು ಬರಲೇ ಇಲ್ಲ.

ಅಕ್ಕನನ್ನು ನೋಡಲು ಬಂದ ದಿನವೂ ಅವರು ಹೀಗೇ ಮಾಡಿದ್ದರು. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರಿಗೆ ನಿಂತಿದ್ದರೆ ಇವರ ಕಣ್ಣು ಅವಳ ತಲೆಯ ಮೇಲಿದ್ದ ಗೋಡೆ ಗಡಿಯಾರದ ಕಡೆಗೆ! "ಹುಡುಗಿ ಹೆಂಗಪ್ಪ?" ಎಂದು ಅವರ ಸೋದರಮಾವ ಪಿಸುಗುಟ್ಟಿ ಕೇಳಿದ್ದಕ್ಕೆ, "ಸ್ವಲ್ಪ ಮುಂದೈತೆ, ಸರಿ ಮಾಡ್ಬೋದು" ಎಂದರಂತೆ. ನಮ್ಮಪ್ಪ ಬೆವರಿಬಿಟ್ಟರು. ಅಕ್ಕ ಮಾತ್ರ ಕಿಸಕ್ಕನೆ ನಕ್ಕಳು. ಮದುವೆ ಗೊತ್ತಾಯಿತು.

ನಮ್ಮಕ್ಕನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮದು ಕೆ.ಆರ್. ನಗರದ ಕಡೆಯ ಹಳ್ಳಿ, ಬೇಸಾಯದ ಮನೆ. ಊರಿಗೆ ಮೊದಲ ಟ್ರ್ಯಾಕ್ಟರು ಬಂದಾಗ ಅದನ್ನು ಮೊದಲು ಓಡಿಸಿದ ಹೆಣ್ಣುಮಗಳು ನಮ್ಮಕ್ಕ. ಆಮೇಲೆ ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾದಳು. ಅವಳು ಮೈದಾನದ ಈ ತುದಿಯಲ್ಲಿ ನಿಂತು "ಏಯ್!" ಎಂದರೆ ಆ ತುದಿಯಲ್ಲಿ ಕಾಂಪೌಂಡು ಹಾರಲು ಹೊರಟವನ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಹಾವಿಗೆ ಹೆದರಿದವಳಲ್ಲ, ಹೆಡ್‌ಮಾಸ್ಟರಿಗೆ ಹೆದರಿದವಳಲ್ಲ. ಇಂಥವಳು ಹೆದರಿ ಕೂತಳು ಎಂಬುದೇ ಈ ಪ್ರಬಂಧಕ್ಕೆ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರು.

ಅದೊಂದು ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಹಳೇ ಕಾರಿನ ಹುಚ್ಚರೆಲ್ಲ ಬಂದು ಅಕ್ಕನ ಮನೆ ಗೇಟಿಗೆ ನೇತುಬಿದ್ದಾರು. ಎರಡೇ ಸೀಟು, ಮೇಲೆ ಸೂರಿಲ್ಲ, ಕೂತರೆ ರಸ್ತೆ ಕೈಗೆ ಸಿಗುವಷ್ಟು ತಗ್ಗು. ಯಾದವಗಿರಿಯ ಬಂಗಲೆಯೊಂದರ ಹಿತ್ತಲಿನಲ್ಲಿ, ನುಗ್ಗೆಮರದ ಕೆಳಗೆ ನಿಂತಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದರ ಮೀಟರುಗಳನ್ನು ನೋಡಿ ಭಾವ ಮನಸೋತರು, ಸ್ಟೀರಿಂಗ್ ನೋಡಿ ಅಕ್ಕ ಮನಸೋತಳು. ಕೋಳಿಯನ್ನು ಎಬ್ಬಿಸಿ ಕಾರನ್ನು ಮನೆಗೆ ತಂದರು. ಇಂಜಿನ್ನಿಗೆ ಜೀವ ಬರಿಸಲು ಅದೆಷ್ಟು ಕಾಲ ಹಿಡಿಯಿತೋ! ಅಂತೂ ಒಂದು ಭಾನುವಾರ ಅದು ಕೆಮ್ಮಿ, ಸೀನಿ, ಕಾಳಿದಾಸ ರಸ್ತೆಗೆ ಬಂತು.

ಆ ಕಾರಿನ ಮೀಟರುಗಳೆಲ್ಲ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದ್ದವು. ಓಡಿಸುವವರಿಗಿಂತ ಪಕ್ಕದಲ್ಲಿ ಕೂತವರಿಗೇ ಚೆನ್ನಾಗಿ ಕಾಣುತ್ತಿದ್ದವು. ಇಂಗ್ಲೆಂಡಿನ ಪುಣ್ಯಾತ್ಮ ನಮ್ಮ ಭಾವನನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಮಾಡಿರಬೇಕು! ಅಕ್ಕ ಓಡಿಸುವುದು, ಭಾವ ಎಡಗಡೆ ಕೂತು ವಾರ್ತೆ ಓದುವವರ ಹಾಗೆ ಮೀಟರು ಓದುವುದು. ನನ್ನನ್ನು ಸೀಟುಗಳ ಹಿಂದೆ, ಸಾಮಾನಿಡುವ ಜಾಗದಲ್ಲಿ ತುರುಕುತ್ತಿದ್ದರು. ಹೀಗಾಗಿ ಆ ವಾರ್ತೆಗಳನ್ನು ನಾನು ಮೊದಲಿನಿಂದ ಕೇಳಿದ್ದೇನೆ.

"ಆಯಿಲ್ ಐವತ್ತು. ಟೆಂಪರೇಚರ್ ಎಪ್ಪತ್ತೈದು. ಬ್ಯಾಟ್ರಿ ಚಾರ್ಜಾಯ್ತಾ ಐತೆ. ಪೆಟ್ರೋಲ್ ಅರ್ಧ. ಸ್ಪೀಡು ಇಪ್ಪತ್ತು ಮೈಲಿ."

"ರೀ, ಮುಂದೆ ಎಮ್ಮೆ ಬರ್ತಾ ಐತೆ. ಅದನ್ನ ಹೇಳಿ."

"ಅದಕ್ಕೆ ಮೀಟರಿಲ್ಲ ಕಣೇ."

ಚಾಮುಂಡಿ ಬೆಟ್ಟಕ್ಕೆ ಹೊರಟರಂತೂ ಕಥೆ ಮುಗಿಯಿತು. ತಾವರೆಕಟ್ಟೆ ದಾಟಿ ಏರು ಶುರುವಾದೊಡನೆ ಭಾವ ಉಳಿದ ಮೀಟರುಗಳನ್ನೆಲ್ಲ ಕೈಬಿಟ್ಟು ಟೆಂಪರೇಚರ್ ಒಂದನ್ನೇ ಹಿಡಿಯುತ್ತಿದ್ದರು. "ಎಂಬತ್ತು... ಎಂಬತ್ತೈದು... ತೊಂಬತ್ತು ಕಣೇ... ತೊಂಬತ್ತೈದು! ನಿಲ್ಸು, ನಿಲ್ಸು, ನಿಲ್ಸು!" ಅಷ್ಟರಲ್ಲಿ ವ್ಯೂ ಪಾಯಿಂಟ್ ಬಂದಿರುತ್ತಿತ್ತು. ಅಕ್ಕ ಪಕ್ಕಕ್ಕೆ ಹಾಕುತ್ತಿದ್ದಳು. ಭಾವ ಬಾನೆಟ್ ಎತ್ತಿ, ಬೀಸಣಿಗೆ ತೆಗೆದು ಇಂಜಿನ್ನಿಗೆ ಗಾಳಿ ಹಾಕುತ್ತಿದ್ದರು. ಹೌದು, ಬೀಸಣಿಗೆ! ಲಾವಂಚದ್ದು. ಮನೆಯಿಂದಲೇ ತರುತ್ತಿದ್ದರು. ನಾವು ಅಕ್ಕತಂಗಿಯರು ಚುರುಮುರಿ ತಿನ್ನುತ್ತಾ ಕೂರುತ್ತಿದ್ದೆವು. ಮೈಸೂರಿನ ಅರ್ಧ ಜನಕ್ಕೆ ನಮ್ಮ ಪರಿಚಯವಾದದ್ದೇ ಅಲ್ಲಿ.

ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಆ ಕಾರು ನಿಲ್ಲದೆ ಬೆಟ್ಟ ಹತ್ತಲಿಲ್ಲ ಎಂದರೆ ನಂಬುತ್ತೀರಾ? ಅಕ್ಕ ಮೇಲಿನ ತಿರುವುಗಳನ್ನು ನೋಡುತ್ತಾ, "ಒಂದ್ಸಲನಾದ್ರೂ ಎಲ್ಲೂ ನಿಲ್ಲಿಸ್ದಂಗೆ ಮೇಲಕ್ಕೆ ಹೋಗ್ಬೇಕು ಕಣೇ" ಎನ್ನುತ್ತಿದ್ದಳು. "ಮುಳ್ಳು ಒಪ್ಪಬೇಕಲ್ಲ" ಎಂದು ಭಾವ ಬಾನೆಟ್ಟಿನೊಳಗಿಂದ ಹೇಳುತ್ತಿದ್ದರು. ಮುಳ್ಳು ಒಪ್ಪಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಎದೆ ನೋವು ಬಂತು. ಹೃದಯದ ಆಪರೇಷನ್ ಆಯಿತು. ಎಲ್ಲ ಚೆನ್ನಾಗಿಯೇ ಆಯಿತು. ಡಾಕ್ಟರು ಒಳ್ಳೆಯವರು, ನಗುಮುಖದವರು. "ನಡೀಬಹುದು, ಮೆಟ್ಟಿಲು ಹತ್ತಬಹುದು" ಎಂದರು ಎರಡು ತಿಂಗಳಿಗೆ. ಇನ್ನೊಂದು ಸಲ ಹೋದಾಗ, "ಕಾರು ಓಡಿಸಬಹುದು ತಾಯಿ, ಧಾರಾಳವಾಗಿ" ಎಂದರು. "ಬಿ.ಪಿ. ವಾರಕ್ಕೊಂದು ಸಲ ನೋಡ್ಕೊಂಡ್ರೆ ಸಾಕು" ಎಂದೂ ಹೇಳಿದರು. ಆದರೆ ಈ ಮಾತನ್ನು ಅವರು ಹೇಳಿದ್ದು ಯಾರಿಗೆ? ನಮ್ಮ ಭಾವನಿಗೆ!

ವಾರಕ್ಕೊಂದು ಸಲವಂತೆ! ಭಾವ ಬಿ.ಪಿ. ಯಂತ್ರ ತಂದರು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರ ತಂದರು, ಸಕ್ಕರೆ ನೋಡುವ ಯಂತ್ರ ತಂದರು. ಅಕ್ಕನಿಗೆ ಸಕ್ಕರೆ ಕಾಯಿಲೆಯೇ ಇಲ್ಲ! "ಇಲ್ಲ ಅಂತ ಗೊತ್ತಾಗ್ಲಿ ಬುಡಮ್ಮ, ಏನೀಗ?" ಎಂದರು. ಎದ್ದ ಕೂಡಲೇ ಒಂದು ಸಲ, ತಿಂಡಿಗೆ ಮುಂಚೆ ಒಂದು ಸಲ, ತಿಂಡಿ ಆದಮೇಲೆ ಒಂದು ಸಲ. ಕಾರಿನಲ್ಲಿ ಓದುತ್ತಿದ್ದ ಅದೇ ದನಿಯಲ್ಲಿ ಈಗ ಅಕ್ಕನನ್ನು ಓದತೊಡಗಿದರು. "ಮೇಲಿಂದು ನೂರಿಪ್ಪತ್ತೆಂಟು. ಕೆಳಗಿಂದು ಎಂಬತ್ತು. ಗಾಳಿ ತೊಂಬತ್ತೇಳು."

ಮೊದಮೊದಲು ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕಳು. ಆಮೇಲೆ ಅವಳು ನಗುವುದನ್ನು ನಿಲ್ಲಿಸಿದಳು. ಅಂಗಳಕ್ಕೆ ಹೋಗುವ ಮುಂಚೆ ತಾನೇ ತೋಳು ಚಾಚಿ, "ಒಂದ್ಸಲ ನೋಡ್ಬುಡಿ" ಎನ್ನತೊಡಗಿದಳು. ಸಂಖ್ಯೆ ಚೆನ್ನಾಗಿಯೇ ಬರುತ್ತಿತ್ತು. ಆದರೂ, "ಇವತ್ತು ಬ್ಯಾಡ, ನಾಳೆ ನೋಡನ" ಎಂದು ಸೋಫಾಕ್ಕೆ ಮರಳುತ್ತಿದ್ದಳು. ಬೀಗ ಹಾಕಿದ ಶೆಡ್ಡಿನಲ್ಲಿ ಕಾರು, ನಡುಮನೆಯ ಸೋಫಾದ ಮೇಲೆ ಅಕ್ಕ. ಕಾಂಪೌಂಡು ಹಾರುವ ಹುಡುಗರನ್ನು ಗಾಳಿಯಲ್ಲಿ ನಿಲ್ಲಿಸಿದವಳು ತನ್ನ ಮನೆಯ ಗೇಟು ದಾಟುವುದನ್ನೇ ನಿಲ್ಲಿಸಿದ್ದಳು. ನನಗೆ ಎಷ್ಟು ಸಂಕಟವಾಗುತ್ತಿತ್ತೆಂದರೆ, ರಾಮಕೃಷ್ಣನಗರದಿಂದ ಅವಳನ್ನು ನೋಡಲೆಂದು ಸ್ಕೂಟರಿನಲ್ಲಿ ಹೊರಟವಳು ಅರ್ಧ ದಾರಿಯಲ್ಲಿ ವಾಪಸ್ಸು ತಿರುಗಿದ್ದೂ ಉಂಟು.

ಹೀಗಿರುವಾಗ ದಸರಾ ಬಂತು, ಆಯುಧಪೂಜೆ ಬಂತು.

ಭಾವನ ಮನೆಯ ಆಯುಧಪೂಜೆಯನ್ನು ನೀವು ನೋಡಬೇಕು! ಹಲಸಿನ ಮರದ ಒಂದು ಅಗಲವಾದ ಮಣೆ ಇದೆ, ನಮ್ಮಮ್ಮ ಅಕ್ಕನಿಗೆ ಕೊಟ್ಟದ್ದು. ಅದರ ಮೇಲೆ ಸ್ಕ್ರೂಡ್ರೈವರು, ಸ್ಪ್ಯಾನರು, ಅಳತೆ ಪಟ್ಟಿ, ತಕ್ಕಡಿ, ಬಗೆಬಗೆಯ ಥರ್ಮಾಮೀಟರು, ಎಲ್ಲ ಸಾಲಾಗಿ ಕೂರುತ್ತವೆ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಈ ಸಲ ಭಕ್ತಿಯ ಭರದಲ್ಲಿ ಭಾವ ಬಿ.ಪಿ. ಯಂತ್ರ, ಬೆರಳಿನ ಯಂತ್ರ, ಸಕ್ಕರೆ ಯಂತ್ರಗಳನ್ನೂ ತಂದು ಮಣೆಯ ಮೇಲೆ ಕೂರಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದುಬಿಟ್ಟರು. ಆಮೇಲೆ ಕಾರಿನ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅದರ ಮೇಲೆ ಕಾರು ಹತ್ತಬೇಕಲ್ಲ? ಪ್ರತಿವರ್ಷ ಅಕ್ಕ ಭರ್ರನೆ ಹತ್ತಿಸುತ್ತಿದ್ದಳು. ಈ ಸಲ ಅವಳು ಬಾಗಿಲ ಬಳಿಯೇ ನಿಂತಳು. ನಾನೂ ಭಾವನೂ ಪಕ್ಕದ ಮನೆಯವರೂ ಸೇರಿ ಕಾರನ್ನು ಹಿಂದಿನಿಂದ ತಳ್ಳಿದೆವು. ನಿಂಬೆಹಣ್ಣು ಪಚಕ್ಕೆಂದಾಗ ಅಕ್ಕ ಒಳಗೆ ಹೊರಟುಹೋದಳು.

ಪೂಜೆ ಮುಗಿದು ಸ್ವಲ್ಪ ಹೊತ್ತಾಯಿತು. ಭಾವ ಅಭ್ಯಾಸಬಲದಿಂದ ಬಿ.ಪಿ. ಯಂತ್ರಕ್ಕೆ ಕೈ ಹಾಕಿದರು.

"ಕೈ ತೆಗೀರಿ!"

ಎಷ್ಟೋ ತಿಂಗಳ ಮೇಲೆ ಕೇಳಿದ ಪಿ.ಟಿ. ಟೀಚರ ದನಿ! ಭಾವನ ಕೈ ಗಾಳಿಯಲ್ಲೇ ನಿಂತಿತು.

"ಮಣೆ ಮೇಲೆ ಕೂತಿರೋದನ್ನ ಮುಟ್ತಾರೇನ್ರೀ?"

ನಮ್ಮ ಮನೆಯ ಕಟ್ಟಳೆ ಅದು. ಆಯುಧಪೂಜೆಗೆ ಮಣೆಯೇರಿದ ವಸ್ತುವನ್ನು ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಇಳಿಸುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಕುಡುಗೋಲು ಮಣೆಯ ಮೇಲಿದೆಯೆಂದು ನಮ್ಮಮ್ಮ ಹಬ್ಬದ ದಿನ ದನಕ್ಕೆ ಕೈಯಲ್ಲೇ ಹುಲ್ಲು ಕಿತ್ತು ಹಾಕಿದ್ದಳು.

"ಲೇ, ಬಿ.ಪಿ. ಕಣೇ!" ಎಂದು ಭಾವ ಗೋಳಾಡಿದರು.

"ಅದೂ ನಾಳೆವರ್ಗೂ ಹಬ್ಬ ಮಾಡ್ಲಿ ಬುಡಿ."

ಭಾವ ಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದರು. ಅಕ್ಕನೂ ಮೊದಲು ತೋಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಬಿ.ಪಿ. ಪಟ್ಟಿ ಸುತ್ತಲು ಬರುತ್ತಾರೆಂಬಂತೆ ಕೂತಿದ್ದಳು. ಅಷ್ಟರಲ್ಲಿ ಬೀದಿಯಲ್ಲಿ ಬೂದುಗುಂಬಳದ ಗಾಡಿ ಬಂತು. ಪಕ್ಕದ ಮನೆಯಾಕೆ ಕೊಂಡ ಕಾಯಿ ಕೊಳೆತಿದೆಯೆಂದು ಜಗಳ ಶುರುವಾಯಿತು. ಅಕ್ಕ ಕಿವಿ ನಿಮಿರಿಸಿದಳು. ನ್ಯಾಯ ತೀರಿಸುವ ಅವಕಾಶವನ್ನು ಅವಳು ಯಾವತ್ತಾದರೂ ಬಿಟ್ಟವಳೇ? ನಾನು ನೋಡುತ್ತಿದ್ದ ಹಾಗೇ ಎದ್ದಳು, ಅಂಗಳ ದಾಟಿದಳು, ಗೇಟು ತೆರೆದಳು, ಬರಿಗಾಲಿನಲ್ಲಿ ಬೀದಿಗೆ ಹೋದಳು. ಗಾಡಿಯವನನ್ನು ಬಯ್ದು, ಬೇರೆ ಕಾಯಿ ಕೊಡಿಸಿ, ನಗುತ್ತಾ ಬಂದಳು. ಸಂಜೆ ನನ್ನ ಜೊತೆ ದೀಪಾಲಂಕಾರ ನೋಡಲು ರಸ್ತೆಯ ಕೊನೆಯ ತನಕ ನಡೆದಳು. ಭಾವ ನಮ್ಮ ಹಿಂದೆ ಬರಿಗೈಯಲ್ಲಿ ಬರುತ್ತಿದ್ದರು.

ಮಾರನೆಯ ಬೆಳಿಗ್ಗೆ ಯಂತ್ರಗಳು ಮಣೆಯಿಂದ ಇಳಿದವು. ಬಿ.ಪಿ. ಪಟ್ಟಿ ಮತ್ತೆ ಅಕ್ಕನ ತೋಳಿಗೆ ಬಂತು. ಪಟ್ಟಿ ಬಿಗಿಯುತ್ತಿದ್ದ ಹಾಗೆ, ಇನ್ನೂ ಸಂಖ್ಯೆ ಬರುವ ಮುಂಚೆಯೇ, ಅಕ್ಕನ ಮುಖ ಬಾಡಿತು. ಸಂಖ್ಯೆ ಚೆನ್ನಾಗಿಯೇ ಇತ್ತು. ಆದರೆ ಭಾವ ಅದನ್ನು ಓದಲಿಲ್ಲ. ಅವರು ಅಕ್ಕನ ಮುಖ ನೋಡುತ್ತಿದ್ದರು. ಮೀಟರನ್ನು ಬಿಟ್ಟು ಬೇರೆ ಯಾವುದನ್ನಾದರೂ ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಆವತ್ತು ಮಧ್ಯಾಹ್ನ ಊರೆಲ್ಲ ಜಂಬೂಸವಾರಿ ನೋಡುತ್ತಿದ್ದರೆ ಭಾವ ಸ್ಕ್ರೂಡ್ರೈವರ್ ಹಿಡಿದು ಶೆಡ್ಡು ಹೊಕ್ಕರು.

ಹಳೇ ಕಾರಿನ ಮೀಟರು ಬಿಚ್ಚುವುದೆಂದರೆ ಏನೆಂದು ತಿಳಿದಿದ್ದೀರಿ? ಮುಂದಿನಿಂದ ಹಿಡಿದೆಳೆದರೆ ಬರುವುದಿಲ್ಲ. ತಿರುಪುಗಳೆಲ್ಲ ಹಿಂದುಗಡೆ, ಕತ್ತಲಲ್ಲಿ ಇರುತ್ತವೆ. ಅವುಗಳನ್ನು ಮುಟ್ಟಬೇಕಾದರೆ ತಲೆಯನ್ನು ಪೆಡಲುಗಳ ಹತ್ತಿರ ಇಟ್ಟು, ಬೆನ್ನನ್ನು ಸೀಟಿಗೆ ಕೊಟ್ಟು, ಕಾಲುಗಳನ್ನು ಆಕಾಶಕ್ಕೆ ಎತ್ತಬೇಕು. ಭಾವ ಪಂಚೆ ಉಟ್ಟು ಈ ಆಸನ ಹಾಕಿದರು. ಪ್ರಸಾದ ಕೊಡಲು ಬಂದ ಪಕ್ಕದ ಮನೆಯಾಕೆ, ಸೂರಿಲ್ಲದ ಕಾರಿನಿಂದ ಎರಡು ಕಾಲು ಮೇಲೆದ್ದಿದ್ದನ್ನು ಕಂಡು ಕಿರುಚಿಕೊಂಡು ತಟ್ಟೆ ಬೀಳಿಸಿದರು. "ಗಾಬರಿ ಬ್ಯಾಡಿ ಕಣಮ್ಮ, ಬದುಕಿವ್ನಿ" ಎಂದವು ಕಾಲುಗಳು.

ಆಯಿಲ್ ಮೀಟರಿನ ಕೊಳವೆ ಬಿಚ್ಚಿದ ದಿನ ಇನ್ನೂ ಒಂದು ಪ್ರಸಂಗ. ಆ ಮೀಟರಿಗೆ ಇಂಜಿನ್ನಿನಿಂದ ನೇರವಾಗಿ ಎಣ್ಣೆಯೇ ಬರುತ್ತದೆ, ಬಿಚ್ಚಿದರೆ ಕೊಳವೆಯ ಬಾಯಿ ಮುಚ್ಚಬೇಕು. ಇದು ಭಾವನಿಗೆ ಗೊತ್ತಿಲ್ಲದ್ದೇ? ಗೊತ್ತು. ನಮಗೆ ಉಪನ್ಯಾಸವನ್ನೂ ಕೊಟ್ಟರು. ಉಪನ್ಯಾಸ ಕೊಡುತ್ತಲೇ, ಬಾಯಿ ಮುಚ್ಚುವುದನ್ನು ಮರೆತು, ಇಂಜಿನ್ ಚಾಲೂ ಮಾಡಿದರು. ಕಪ್ಪೆಣ್ಣೆ ಚಿಮ್ಮಿ ಬಿಳಿ ಪಂಚೆಯ ಮೇಲೆಲ್ಲ ಹರಿಯಿತು. ಭಾವ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಪ್ರೆಶರ್ ಚೆನ್ನಾಗೈತೆ" ಎಂದರು.

ಬಿಚ್ಚಿದ ತಿರುಗಿಸುವ ಗುಬುಟುಗಳು, ಸ್ವಿಚ್ಚುಗಳು ಕಳೆದುಹೋಗಬಾರದಲ್ಲ? ಅದಕ್ಕೊಂದು ಡಬ್ಬಿ ಬೇಕು, ಡಬ್ಬಿಯೊಳಗೆ ಬೇರೆ ಬೇರೆ ಬಟ್ಟಲು ಇರಬೇಕು. ಅಂಥ ಡಬ್ಬಿ ಯಾವ ಮನೆಯಲ್ಲಿಲ್ಲ ಹೇಳಿ! ಒಂದು ದಿನ ನಾನು ಅಕ್ಕನ ಅಡುಗೆಮನೆಯಲ್ಲಿ ಒಗ್ಗರಣೆಗೆಂದು ಸಾಸಿವೆ ತೆಗೆಯಲು ಹೋದರೆ ಬಟ್ಟಲಿನಲ್ಲಿ ಹೀಟರಿನ ಗುಬುಟು ಸಿಕ್ಕಿತು. ಜೀರಿಗೆಯಲ್ಲಿ ಮೀಟರಿನ ಪುಟ್ಟ ಬಲ್ಬು. ಮೆಂತ್ಯದಲ್ಲಿ ಸಿಗರೇಟು ಹಚ್ಚುವ ಗುಬುಟು. ಮೈಸೂರಿನಲ್ಲಿ ಹೀಟರು ಯಾರಿಗೆ ಬೇಕಿತ್ತೋ! ಸಿಗರೇಟಂತೂ ಭಾವ ಜನ್ಮದಲ್ಲಿ ಸೇದಿದವರಲ್ಲ. ಆದರೂ ಅದರ ಶಾಖ ಎಷ್ಟೆಂದು ಅವರಿಗೆ ಗೊತ್ತಿತ್ತು.

ಅದೇ ದಿನ ಒಲೆಯ ಮೇಲೆ ಹಾಲಿನ ಪಕ್ಕದಲ್ಲಿ ಇನ್ನೊಂದು ಪಾತ್ರೆ ಕಾಯುತ್ತಿತ್ತು. ಅದರೊಳಗೆ ಟೆಂಪರೇಚರ್ ಮೀಟರಿನ ತಾಮ್ರದ ಕೊಳವೆ ಮುಳುಗಿತ್ತು. ಪಕ್ಕದಲ್ಲಿ ಭಾವನ ಒಳ್ಳೆಯ ಥರ್ಮಾಮೀಟರು ನಿಂತಿತ್ತು. ಥರ್ಮಾಮೀಟರು ಎಪ್ಪತ್ತು ಎನ್ನುತ್ತಿತ್ತು. ಇಂಗ್ಲೆಂಡಿನ ಮೀಟರು ತೊಂಬತ್ತೈದು ಎನ್ನುತ್ತಿತ್ತು.

ಭಾವ ಒಲೆ ಆರಿಸಿದರು, ಮತ್ತೆ ಹಚ್ಚಿದರು, ಬೇರೆ ಥರ್ಮಾಮೀಟರು ತಂದರು. ಮತ್ತೆ ಅದೇ. ಊರಿನ ಮೀಟರುಗಳ ಸುಳ್ಳನ್ನೆಲ್ಲ ಹಿಡಿದವರು ತಮ್ಮ ಕಾರಿನ ಮೀಟರನ್ನು ಒಂದು ಸಲವೂ ಅನುಮಾನಿಸಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ಮುಖ ನೋಡಿ ಒಲೆ ಆರಿಸಿದೆ.

"ಇಂಜಿನ್ ಯಾವತ್ತೂ ಕಾದೇ ಇರ್ಲಿಲ್ಲ ಕಣಮ್ಮ" ಎಂದರು. "ಇದರ ಮಾತು ಕೇಳ್ಕೊಂಡು ಇಷ್ಟು ವರ್ಷ ಅವಳನ್ನ ಅರ್ಧ ಬೆಟ್ಟದಲ್ಲೇ ನಿಲ್ಲಿಸ್ಬುಟ್ಟೆನಲ್ಲ."

ಅಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ; ಹೇಳಬೇಡವೆಂದು ಭಾವ ನನ್ನ ಬಾಯಿ ಕಟ್ಟಿದ್ದರು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಕಾರು ದಿನದಿನಕ್ಕೆ ಬರಿದಾಗುತ್ತಿದೆ. ಬೀದಿಯವರು ಬೇರೆ, "ಗುಜರಿಗೆ ಹಾಕ್ತೀರಂತೆ?" ಎಂದು ಕೇಳತೊಡಗಿದ್ದರು. ಒಂದು ಬೆಳಿಗ್ಗೆ ನನಗೆ ಫೋನು ಮಾಡಿದಳು.

"ಕಾರು ಬಿಚ್ಚಿ ಮಾರ್ತಾರೇನೋ ಕಣೇ. ಕೇಳಿದ್ರೆ ಏನೂ ಹೇಳಲ್ಲ. ನಾನಿನ್ನು ಓಡ್ಸಲ್ಲ ಅಂತ ಅವರೇ ತೀರ್ಮಾನ ಮಾಡ್ಬುಟ್ರು."

ನನಗೆ ಸಿಟ್ಟು ನೆತ್ತಿಗೇರಿತು. ಮೀಟರು ಸುಳ್ಳು ಹೇಳಿದ್ದಕ್ಕೆ ಕಾರನ್ನೇ ಕೈಬಿಡುವುದೇ? ಭಾವನನ್ನು ಇವತ್ತು ಬಿಡುವುದಿಲ್ಲವೆಂದು ಸ್ಕೂಟರ್ ಹತ್ತಿ ಒಂಟಿಕೊಪ್ಪಲಿಗೆ ಬಂದೆ. ಬಂದರೆ ಶೆಡ್ಡಿನ ಬಾಗಿಲು ಹಾರುಹೊಡೆದಿದೆ, ಕಾರು ತೊಳೆದು ಅಂಗಳದಲ್ಲಿ ನಿಂತಿದೆ. ಚಕ್ರಗಳ ಕೆಳಗೆ ಹೊಸ ನಿಂಬೆಹಣ್ಣು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ದಿನ ಶಾಲೆಗೆ ಬಂದವರ ಹಾಗೆ ನಿಂತಿದ್ದಾರೆ.

"ಇದೇನು ಭಾವ, ಆಯುಧಪೂಜೆ ಆಯ್ತಲ್ಲ?"

"ಅವತ್ತು ತಳ್ಳಿದ್ದು ಲೆಕ್ಕಕ್ಕಿಲ್ಲ ಕಣಮ್ಮ. ನಿಮ್ಮಕ್ಕನ್ನ ಕರಿ."

ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ಕಾರಿನೊಳಗೆ ಬಗ್ಗಿ ನೋಡಿದಳು. ನಾನೂ ನೋಡಿದೆ. ಅಷ್ಟು ಮೀಟರುಗಳಿದ್ದ ಜಾಗದಲ್ಲಿ ಈಗ ಬರೀ ಒಂದು ಹಲಗೆ ಇತ್ತು. ನಯವಾಗಿ ಉಜ್ಜಿ, ಎಣ್ಣೆ ಹಚ್ಚಿದ ಹಲಸಿನ ಹಲಗೆ. ಅದರಲ್ಲಿ ಉಳಿದಿದ್ದದ್ದು ಕೀಲಿ ಹಾಕುವ ಜಾಗ, ಚೋಕು, ಲೈಟು ಮತ್ತು ವೈಪರಿನ ಸ್ವಿಚ್ಚು. ಹಾರನ್ ಸ್ಟೀರಿಂಗಿನಲ್ಲೇ ಇತ್ತು. ಒಂದೇ ಒಂದು ಮುಳ್ಳು ಇರಲಿಲ್ಲ. ಸ್ಪೀಡಾಮೀಟರೂ ಇರಲಿಲ್ಲ. ಪೊಲೀಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ಆ ಕಾರಿನ ವೇಗ ಅಳೆಯಲು ಸ್ಪೀಡಾಮೀಟರು ಯಾಕೆ ಸ್ವಾಮಿ, ಗೋಡೆಯ ಕ್ಯಾಲೆಂಡರು ಸಾಕು!

ಅಕ್ಕ ಹಲಗೆಯ ಮೇಲೆ ಬೆರಳಾಡಿಸಿದಳು. ಮರದ ಗೆರೆಗಳೊಳಗೆ ಹಳೆಯ ಕುಂಕುಮ ಇನ್ನೂ ಕೂತಿತ್ತು.

"ಇದು ಅಮ್ಮನ ಮಣೆ ಅಲ್ವೇನ್ರೀ?"

"ಹೂಂ."

"ಅಮ್ಮನ ಮಣೆ ಕುಯ್ದುಬುಟ್ರಾ!"

"ಮಣೆ ಹಾಕಿದ ಮೇಲೆ ಮೀಟರು ಮುಟ್ಟೋ ಹಂಗಿಲ್ಲ ಅಂದ್ಯಲ್ಲ. ಅದಕ್ಕೇ."

ಅಕ್ಕ ಹಲಗೆಯನ್ನು ಅಂಗೈಯಲ್ಲಿ ಈ ತುದಿಯಿಂದ ಆ ತುದಿಗೆ ಸವರಿದಳು. "ಮೀಟರೆಲ್ಲ?" ಎಂದಳು.

"ಅವೆಲ್ಲ ನನಗೆ ಬೇಕಾಗಿದ್ವು ಕಣೇ. ನಿನಗೆ ಯಾವತ್ತೂ ಬೇಕಾಗಿರ್ಲಿಲ್ಲ."

"ಮಧ್ಯೆ ಏನಾದ್ರೂ ಆದ್ರೆ ಗೊತ್ತಾಗೋದು ಹೆಂಗೆ?"

"ನಿಮ್ಮೂರ ಟ್ರ್ಯಾಕ್ಟರಲ್ಲಿ ಯಾವ ಮೀಟರು ನೋಡ್ತಿದ್ದೆ ನೀನು? ಸದ್ದು ಕೇಳ್ಕೊಂಡು ಓಡಿಸ್ತಿರ್ಲಿಲ್ವಾ? ಇಂಜಿನ್ ನಾನು ಪೂರ್ತಿ ನೋಡಿವ್ನಿ. ನಿನ್ನ ಡಾಕ್ಟ್ರು ನಿನ್ನನ್ನ ನೋಡವ್ರೆ. ಇಬ್ರೂ ಗಟ್ಟಿಯಾಗಿದ್ದೀರ."

ಅಕ್ಕ ಅವರನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆ ಸಿಕ್ಕಿಸುವುದನ್ನು ಕಂಡೊಡನೆ ನನಗೆ ಕಣ್ಣು ತುಂಬಿ ಬಂತು. ಅವಳು ಹಾಗೆ ಸೆರಗು ಸಿಕ್ಕಿಸಿ ಎಷ್ಟು ಕಾಲವಾಗಿತ್ತು! ಸ್ಟೀರಿಂಗ್ ಹಿಂದೆ ಕೂತಳು, ಚೋಕ್ ಎಳೆದಳು, ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ಸೀನಿತು, ಗುಡುಗಿತು. ನಿಂಬೆಹಣ್ಣುಗಳು ಒಟ್ಟಿಗೇ ಪಚಕ್ಕೆಂದವು.

ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಮುಂದೆ ಎರಡು ತಲೆಗಳು ಕಾಣುತ್ತಿದ್ದವು. ಬಲಗಡೆಯ ತಲೆ ಅತ್ತಿತ್ತ ತಿರುಗುತ್ತಿತ್ತು, ಆಟೋದವರನ್ನು ಬಯ್ಯುತ್ತಿತ್ತು. ಎಡಗಡೆಯ ತಲೆ ನೆಟ್ಟಗೆ ನಿಂತಿತ್ತು. ಭಾವ ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು ತುಟಿ ಬಿಗಿಹಿಡಿದಿದ್ದರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಹೋಗಿ, "ಭಾವ, ಟೆಂಪರೇಚರ್ ಎಷ್ಟು?" ಎಂದು ಕೆಣಕಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಮಾತಾಡದೆ ಇರುವುದು ಅವರಿಗೆ ಎಷ್ಟು ಕಷ್ಟದ ಕೆಲಸವೆಂದು ಅವರ ಕತ್ತಿನ ನರ ನೋಡಿದರೇ ತಿಳಿಯುತ್ತಿತ್ತು.

ತಾವರೆಕಟ್ಟೆ ದಾಟಿತು. ಏರು ಶುರುವಾಯಿತು. ಒಂದು ತಿರುವು, ಇನ್ನೊಂದು ತಿರುವು. ವ್ಯೂ ಪಾಯಿಂಟ್ ಹತ್ತಿರ ಬಂದಾಗ ಭಾವನ ಕೈ ತೊಡೆಯಿಂದ ಮೇಲೆದ್ದದ್ದನ್ನು ಕಂಡೆ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ತೊಡೆಯ ಮೇಲೆ ಹೋಗಿ ಕೂತಿತು. ಚುರುಮುರಿಯವನು ಹಳೇ ಗುರುತಿನಿಂದ ಕೈಬೀಸಿದ. ಅಕ್ಕ ಹಾರನ್ ಹೊಡೆದಳು, ಗೇರ್ ಬದಲಿಸಿದಳು, ನಿಲ್ಲಿಸಲಿಲ್ಲ.

ನಾನು ಮೇಲೆ ತಲುಪಿದಾಗ ಅಕ್ಕ ಕಾರಿನಿಂದಿಳಿದು ಬಾನೆಟ್ಟಿಗೆ ಒರಗಿ ನಿಂತಿದ್ದಳು. ಬೆವರಿದ್ದಳು, ಕೂದಲು ಕೆದರಿತ್ತು, ಮುಖದ ತುಂಬ ನಗು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಬೆಚ್ಚಗಷ್ಟೇ ಐತೆ ಕಣೇ" ಎಂದಳು. ಇನ್ನೊಂದು ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, "ಇದೂನೂ" ಎಂದಳು.

ಭಾವ ಇನ್ನೂ ಸೀಟಿನಲ್ಲೇ ಇದ್ದರು. ಅವರ ಅಂಗಿಯ ಜೇಬು ಉಬ್ಬಿತ್ತು, ಅದರಿಂದ ತಾಮ್ರದ ಕೊಳವೆಯ ತುದಿ ಇಣುಕುತ್ತಿತ್ತು. ಅಕ್ಕ ಕೈಹಾ​ಕಿ ಎಳೆದಳು. ಟೆಂಪರೇಚರ್ ಮೀಟರು!

"ಇದನ್ಯಾಕ್ರೀ ಹೊತ್ಕೊಂಡು ಬಂದ್ರಿ?"

ಭಾವ ಕಣ್ಣೊರೆಸಿಕೊಂಡರು. "ಪಾಪ, ಅದೂ ಒಂದ್ಸಲ ನಿಲ್ಲದಂಗೆ ಬೆಟ್ಟ ಹತ್ಲಿ ಅಂತ" ಎಂದರು.

ಅಕ್ಕ ನಕ್ಕಳು. ಆಮೇಲೆ ಅತ್ತಳು. ಆಮೇಲೆ ಮೀಟರನ್ನು ಅವರ ಜೇಬಿಗೇ ವಾಪಸ್ಸು ಇಟ್ಟು, ಜೇಬನ್ನು ಮೆಲ್ಲಗೆ ತಟ್ಟಿದಳು. ತಾಯಿಯ ದರ್ಶನ ಮಾಡಿ ಬಂದು ಮತ್ತೆ ಸ್ಟೀರಿಂಗ್ ಹಿಂದೆ ಕೂರುವಾಗ, "ಇಳಿಯೋವಾಗ ಮಾತಾಡ್ಬೋದು ನೀವು" ಎಂದಳು.

ಕಾರು ಹೊರಟಿತು. ಭಾವ ಬಾಯಿ ತೆರೆದರು, ಅಭ್ಯಾಸದಂತೆ ಹಲಗೆಯ ಕಡೆ ನೋಡಿದರು. ಅಲ್ಲಿ ಓದಲು ಏನೂ ಇರಲಿಲ್ಲ. ತಲೆಯೆತ್ತಿ ರಸ್ತೆ ನೋಡಿದರು. ಮೊದಲ ತಿರುವು ಮುಗಿಯುವಷ್ಟರಲ್ಲಿ, ಹಿಂದೆ ಸ್ಕೂಟರಿನಲ್ಲಿದ್ದ ನನಗೂ ಕೇಳುವಂತೆ, ಆ ವಾರ್ತೆಯ ದನಿ ಗಾಳಿಯಲ್ಲಿ ತೇಲಿ ಬಂತು:

"ಮುಂದೆ ಎಮ್ಮೆ ಬರ್ತಾ ಐತೆ ಕಣೇ."